ಕೂಗಬಾರದೆಂಬ ನಿಯಮ

ಅಕ್ಕನ ಕಾಗದ ಬಂದ ಮೇಲೆ ನಮ್ಮ ಮನೆಯಲ್ಲಿ ಯಾರೂ ಒಂದು ಕಡೆ ಕೂತ ನೆನಪಿಲ್ಲ. ಅಪ್ಪ ಹೊಲದಿಂದ ಬಂದವನು ಕೈಕಾಲು ತೊಳೆಯದೆ ಗೋಡೆಯ ಮೇಲಿನ ನಕಾಶೆಯ ಮುಂದೆ ನಿಲ್ಲುತ್ತಿದ್ದ. ನಾನು ಶಾಲೆಯಿಂದ ಬಂದವನು ಸೈಕಲ್ಲಿಗೆ ಸ್ಟ್ಯಾಂಡು ಹಾಕುವ ಮೊದಲೇ ಟಪಾಲು ಬಂತೇ ಎಂದು ಕೇಳುತ್ತಿದ್ದೆ. ಮನೆ ಎಂದರೆ ನಾವಿಬ್ಬರೇ. ಅಮ್ಮ ತೀರಿಕೊಂಡು ಆಗಲೇ ಆರು ವರ್ಷ. ಗೋಡೆಯ ಆಚೆ ಬದಿಯ ಮನೆಯಲ್ಲಿ ಚಿಕ್ಕಪ್ಪ, ಚಿಕ್ಕಮ್ಮ. ಮಾಕಳಿದುರ್ಗದ ಬುಡದಲ್ಲಿ ನಮ್ಮ ಊರು. ನಾನು ದಿನಾ ದೊಡ್ಡಬಳ್ಳಾಪುರಕ್ಕೆ ಸೈಕಲ್ಲಿನಲ್ಲಿ ಹೋಗಿ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದೆ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಭಾವ ಜಾಂಬಿಯಾ ದೇಶದ ಒಂದು ಶಾಲೆಗೆ ಗಣಿತದ ಮೇಷ್ಟರಾಗಿ, ಕರಾರಿನ ಮೇಲೆ ಹೋಗಿದ್ದರು. ಆಗಸ್ಟಿನಲ್ಲಿ ಇಲ್ಲಿ ಶಾಲೆಗಳಿಗೆ ರಜೆ, ಹುಲ್ಲು ಒಣಗಿ ಪ್ರಾಣಿಗಳೆಲ್ಲ ನದಿಗೆ ಇಳಿದಿರುತ್ತವೆ, ಅಪ್ಪನನ್ನು ಕರೆದುಕೊಂಡು ಬಾ ಎಂದು ಅಕ್ಕ ಬರೆದಿದ್ದಳು. ಲುವಾಂಗ್ವಾ ಎಂಬ ನದಿಯ ಕಣಿವೆಯಲ್ಲಿ ಜೀಪಿನಿಂದ ಇಳಿದು ನಡೆದುಕೊಂಡೇ ಕಾಡು ನೋಡಬಹುದಂತೆ. ಕಾಗದದ ಜೊತೆ ಜಿರಾಫೆಯದೊಂದು ಬಣ್ಣದ ಫೋಟೋ ಇತ್ತು. ಅಪ್ಪ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, ಇಷ್ಟು ಕತ್ತಿಗೆ ನೊಗ ಎಲ್ಲಿ ಇಡುವುದು ಎಂದು ಕೇಳಿದ. ಅದನ್ನು ಯಾರೂ ಹೂಡುವುದಿಲ್ಲ ಎಂದೆ. ಹಾಗಾದರೆ ಒಮ್ಮೆ ನೋಡಬೇಕು ಎಂದ. ಬೆಂಗಳೂರಿನಿಂದ ಆಚೆಗೆ ತಿರುಪತಿಯೊಂದನ್ನೇ ಕಂಡಿದ್ದವನು ಅಷ್ಟು ಸುಲಭವಾಗಿ ಒಪ್ಪಿಬಿಟ್ಟ.

ಆಮೇಲೆ ತಯಾರಿ. ಪಾಸ್‌ಪೋರ್ಟಿಗೆ ಅರ್ಜಿ ಹಾಕಿ ತಿಂಗಳುಗಳಾದ ಮೇಲೆ ಪೊಲೀಸಿನವರೊಬ್ಬರು ವಿಚಾರಣೆಗೆ ಬಂದರು. ಯಾತಕ್ಕೆ ಹೋಗುತ್ತಿದ್ದೀರಿ ಎಂದು ಕೇಳಿದಾಗ ಅಪ್ಪ ಪ್ರಾಣಿ ನೋಡುವುದಕ್ಕೆ ಎಂದ. ಅವರು ಬರೆಯುವುದನ್ನು ನಿಲ್ಲಿಸಿ, ಮೈಸೂರಿನ ಮೃಗಾಲಯ ನೋಡಿದ್ದೀರಾ ಗೌಡ್ರೇ ಎಂದು ಕೇಳಿದರು. ಇಲ್ಲ ಎಂದಾಗ ಅವರಿಗೆ ಅನುಮಾನ ಇನ್ನೂ ಜಾಸ್ತಿಯಾಯಿತು. ಕೊನೆಗೂ ಪಾಸ್‌ಪೋರ್ಟುಗಳು ಮದರಾಸಿನಿಂದ ಬಂದವು. ಒಳಗಿನ ಪುಟದಲ್ಲಿ, ಇದು ದಕ್ಷಿಣ ಆಫ್ರಿಕಾಕ್ಕೆ ಸಲ್ಲುವುದಿಲ್ಲ ಎಂಬ ಮುದ್ರೆ. ಅಲ್ಲಿಯವರು ನಮ್ಮ ಬಣ್ಣದವರನ್ನು ಬೇರೆ ಬಾಗಿಲಿನಿಂದ ಒಳಗೆ ಬಿಡುತ್ತಾರೆ, ಅದಕ್ಕೇ ನಮ್ಮ ಸರ್ಕಾರ ಆ ಕಡೆಗೆ ಕಳಿಸುವುದಿಲ್ಲ ಎಂದು ಅಪ್ಪನಿಗೆ ಹೇಳಿದೆ. ಅವನು ಸ್ವಲ್ಪ ಯೋಚಿಸಿ, ಜಿರಾಫೆ ಆ ಕಡೆ ಇಲ್ಲ ತಾನೆ ಎಂದ. ಬೊಂಬಾಯಿಯಿಂದ ದಾರ್ ಎಸ್ ಸಲಾಮಿಗೆ ಹಡಗು, ಅಲ್ಲಿಂದ ಬಸ್ಸು. ನಾನು ನಕಾಶೆಯ ಮೇಲೆ ದಾರ ಹಿಡಿದು ಅಳೆಯುತ್ತಿದ್ದೆ, ಮತ್ತೆ ಅಳೆಯುತ್ತಿದ್ದೆ. ಪ್ರತಿ ಸಲವೂ ದಾರ ಸಾಲದು ಅನ್ನಿಸುತ್ತಿತ್ತು.

ಕಾಡಿನಲ್ಲಿ ಬಿಳಿ ಬಟ್ಟೆ ಹಾಕಬಾರದು, ಮಣ್ಣಿನ ಬಣ್ಣದ್ದೇ ಆಗಬೇಕು ಎಂದು ಭಾವ ಬರೆದಿದ್ದರು. ಅಪ್ಪನ ಬಳಿ ಇದ್ದದ್ದೆಲ್ಲ ಬಿಳಿಯದೇ. ದೊಡ್ಡಬಳ್ಳಾಪುರದಲ್ಲಿ ನೇಕಾರರಿಗೆ ನೂಲಿಗೆ ಬಣ್ಣ ಹಾಕಿಕೊಡುವವರೊಬ್ಬರ ಹತ್ತಿರ ಎರಡು ಅಂಗಿ, ಎರಡು ಪಂಚೆ ಕೊಟ್ಟು ಬಂದೆ. ಅವರು ಸೀರೆಯ ಬಣ್ಣ ಮಾತ್ರ ಬಲ್ಲವರು. ಖಾಕಿ ಮಾಡಲು ಹೋಗಿ ಅರ್ಧ ಹಸಿರು, ಅರ್ಧ ಗೋಣಿಚೀಲ ಮಾಡಿಕೊಟ್ಟರು. ಅಪ್ಪ ಅದನ್ನೇ ಉಟ್ಟು ಹೊಲದ ಬದುವಿನ ಮೇಲೆ ಹೊಸ ಕ್ಯಾನ್‌ವಾಸ್ ಬೂಟಿನಲ್ಲಿ ನಡೆಯುವುದನ್ನು ಅಭ್ಯಾಸ ಮಾಡುವಾಗ ಚಿಕ್ಕಪ್ಪ ಬೇಲಿಯಾಚೆಯಿಂದ ಕೂಗಿದ.

"ಅಣ್ಣಯ್ಯ, ಯಾವ್ ಠಾಣೆಗೆ ಹಾಕವ್ರೆ ನಿನ್ನ?"

"ನಿನ್ ಮನೆ ಮುಂದಿನ್ ಠಾಣೆಗೇ ಕಣ್ಲಾ. ಕೋಳಿ ಕದಿಯೋರ್ನ ಹಿಡಿಯಕ್ಕೆ."

ಅವರಿಬ್ಬರೂ ಹೀಗೇ. ಅಪ್ಪನಿಗಿಂತ ಚಿಕ್ಕಪ್ಪ ಹನ್ನೆರಡು ವರ್ಷ ಚಿಕ್ಕವನು. ಅಪ್ಪನ ಹೆಗಲ ಮೇಲೆ ಕೂತು ಬೆಳೆದವನು. ನನ್ನನ್ನು ಅವನು ಹೆಸರು ಹಿಡಿದು ಕರೆದದ್ದು ಕಡಿಮೆ. ನಾನು ಬಿ.ಎಸ್‌ಸಿ. ಪಾಸು ಮಾಡಿದ ದಿನದಿಂದ ಮೇಷ್ಟ್ರೇ ಎಂದೇ ಕರೆಯುವುದು.

ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮ ಕಡೆ ಬೆಟ್ಟದ ಕುರುಚಲಿಗೆ ಸೌದೆಗೋ ಹುಲ್ಲಿಗೋ ಹೋದವರು ಸುಮ್ಮನೆ ಹೋಗುವುದಿಲ್ಲ. ಕೂಗುತ್ತಾ ಹೋಗುತ್ತಾರೆ. ಒಬ್ಬ ಹೋ ಎಂದು ಎಳೆದರೆ ಇನ್ನೊಬ್ಬ ದೂರದಿಂದ ಹೋ ಎನ್ನಬೇಕು. ಉತ್ತರ ಬರದಿದ್ದರೆ ಮುಂದೆ ಕಾಲಿಡಬಾರದು. ಬಂಡೆ ಸಂದಿಯಲ್ಲಿ ಮಲಗಿದ ಚಿರತೆ ಮನುಷ್ಯರ ದನಿ ಕೇಳಿ ತಾನೇ ಎದ್ದು ಹೋಗಲಿ ಎಂದು ಅದು. ಅಪ್ಪನಿಗೂ ಚಿಕ್ಕಪ್ಪನಿಗೂ ಇದು ಎಷ್ಟು ರೂಢಿಯಾಗಿತ್ತೆಂದರೆ ಬೆಳಿಗ್ಗೆ ಕೆಳಗಿನ ಹೊಲಕ್ಕೆ ಹೋದ ಅಪ್ಪ ಅಲ್ಲಿಂದ ಒಮ್ಮೆ ಹೋ ಅನ್ನುತ್ತಿದ್ದ, ಚಿಕ್ಕಪ್ಪ ಕೊಟ್ಟಿಗೆಯಿಂದ ಓಗೊಡುತ್ತಿದ್ದ. ಎದ್ದಿದ್ದೀಯಾ, ಎದ್ದಿದ್ದೀನಿ, ಅಷ್ಟೇ ಅದರ ಅರ್ಥ.

ನನಗೆ ಅದು ಹಳ್ಳಿಯ ಗಲಾಟೆಯಾಗಿ ಕಂಡಿತು. ಭಾವ ಆ ಕಣಿವೆಯ ಕಾವಲುಗಾರನಿಂದ ಕೇಳಿ, ಗಣಿತದ ಮೇಷ್ಟರ ಹಾಗೆ ಅಂಕಿ ಹಾಕಿ ಏಳು ನಿಯಮ ಬರೆದು ಕಳಿಸಿದ್ದರು. ಒಂದು, ಬಂದೂಕು ಹಿಡಿದು ಮುಂದೆ ನಡೆಯುವವನ ಹಿಂದೆ ಸಾಲಾಗಿ ನಡೆಯಬೇಕು. ಎರಡು, ಅವನು ಕೈ ಎತ್ತಿದ ಕೂಡಲೇ ಇದ್ದಲ್ಲೇ ನಿಲ್ಲಬೇಕು. ಮೂರು, ಏನೇ ಕಂಡರೂ ಕೂಗಬಾರದು. ಉಳಿದವು ಓಡಬಾರದು, ಬೆರಳು ತೋರಿಸಬಾರದು, ಹೀಗೆ. ನಾನು ಅವನ್ನು ಅಪ್ಪನಿಗೆ ಪಾಠದ ಹಾಗೆ ಓದಿ ಹೇಳಿದೆ. ಅಪ್ಪ ಎಲ್ಲದಕ್ಕೂ ತಲೆಯಾಡಿಸಿದ, ಮೂರನೆಯದಕ್ಕೆ ಮಾತ್ರ ನಕ್ಕ. ಕಂಡ ಮೇಲೆ ಕೂಗದೆ ಇರುವುದು ಹೇಗೆ ಎಂದ. ಅಭ್ಯಾಸ ಮಾಡಿದರೆ ಬರುತ್ತದೆ ಎಂದೆ.

ಅಭ್ಯಾಸಕ್ಕೆ ಬೆಟ್ಟ ಎದುರಿಗೇ ಇತ್ತಲ್ಲ.

ಮಾರ್ಚ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ. ಚಿಕ್ಕಪ್ಪ ಕೊಟ್ಟಿಗೆಯ ಸೂರಿಗೆ ಹುಲ್ಲು ಕೊಯ್ಯಲು ಹೊರಟಿದ್ದ. ನಾವೂ ಜೊತೆಗೆ ಹೊರಟೆವು. ಇವತ್ತು ಯಾರೂ ಕೂಗುವ ಹಾಗಿಲ್ಲ ಎಂದು ನಾನು ಮೊದಲೇ ಹೇಳಿದ್ದೆ.

"ಆಯ್ತು ಮೇಷ್ಟ್ರೇ, ಇವತ್ತು ಬಾಯಿಗೆ ಬೀಗ. ಸೀನಿದ್ರೆ ಏನ್ ಶಿಕ್ಷೆ, ಬೆಂಚ್ ಮ್ಯಾಲಾ?" ಎಂದ ಚಿಕ್ಕಪ್ಪ.

ಇಳಿಜಾರಿನಲ್ಲಿ ಅವನು ಹುಲ್ಲಿರುವ ಕಡೆಗೆ ತಿರುಗಿದ. ನಾನು ಮುಂದೆ, ಅಪ್ಪ ಹಿಂದೆ, ಮೇಲಿನ ಹಾಸುಬಂಡೆಗೆ ಹತ್ತಿದೆವು. ನಾನು ಕೈ ಎತ್ತುತ್ತಿದ್ದೆ, ಅಪ್ಪ ನಿಲ್ಲುತ್ತಿದ್ದ. ಒಂದು ಸಲ ಒಂಟಿ ಕಾಲಿನ ಮೇಲೆಯೇ ನಿಂತು ನನ್ನ ಮುಖ ನೋಡಿ ನಗು ತಡೆದುಕೊಂಡ. ಕೆಳಗೆ ರೈಲಿನ ಎಂಜಿನ್ನು ಘಾಟಿ ಏರುವ ಏದುಸಿರು ಕೇಳುತ್ತಿತ್ತು. ಅದು ದೂರವಾದ ಮೇಲೆ ಕುಡುಗೋಲಿನ ಸರ್ ಸರ್ ಸದ್ದು ಬಿಟ್ಟರೆ ಬೆಟ್ಟದಲ್ಲಿ ಬೇರೇನೂ ಇರಲಿಲ್ಲ. ಅಂಥ ನಿಶ್ಶಬ್ದವನ್ನು ಆ ಬೆಟ್ಟದಲ್ಲಿ ನಾನು ಅದೇ ಮೊದಲು ಕೇಳಿದ್ದು. ನನಗೆ ಹೆಮ್ಮೆಯಾಯಿತು. ಇದನ್ನು ಬರೆಯದೆ ಬಿಡಬಹುದಿತ್ತು, ಆದರೆ ಹೆಮ್ಮೆಯಾದದ್ದು ನಿಜ.

ಚಿರತೆಯನ್ನು ನಾವಿಬ್ಬರೂ ಒಟ್ಟಿಗೇ ನೋಡಿದೆವು. ಚಿಕ್ಕಪ್ಪ ಬಗ್ಗಿ ಕೊಯ್ಯುತ್ತಿದ್ದ, ಬೆನ್ನು ಈಚೆ. ಅವನ ಹಿಂದೆ ಹತ್ತು ಮಾರು ದೂರದ ಬಂಡೆ ಸಂದಿಯಿಂದ ಮೊದಲು ತಲೆ, ಆಮೇಲೆ ಹೆಗಲು. ಅದು ಹೊಟ್ಟೆಯನ್ನು ನೆಲಕ್ಕೆ ಹತ್ತಿಸಿಕೊಂಡು ಹುಲ್ಲಿಗೆ ಇಳಿಯಿತು. ನಮ್ಮ ಕಡೆ ನೋಡಲೇ ಇಲ್ಲ. ನೂಲಿನ ಬಣ್ಣದವರು ಮಾಡಿಕೊಟ್ಟ ಖಾಕಿ ಅಷ್ಟರ ಮಟ್ಟಿಗೆ ಚೆನ್ನಾಗಿತ್ತು. ಅಪ್ಪನ ಎದೆ ಉಬ್ಬಿತು, ಬಾಯಿ ತೆರೆಯಿತು. ನಾನು ನನ್ನ ಬಲಗೈಯನ್ನು ಅವನ ತೋಳಿನ ಮೇಲೆ ಇಟ್ಟೆ.

ಇಷ್ಟೇ ನಡೆದದ್ದು. ಆ ಬೆಟ್ಟದಿಂದ ನಾನು ಇನ್ನೂ ಇಳಿದಿಲ್ಲ. ಯಾಕೆ ಇಟ್ಟೆ? ನಿಯಮ ನೆನಪಾಗಿ ಇಟ್ಟೆನೇ, ಹೆದರಿ ಇಟ್ಟೆನೇ, ಅದು ತಾನಾಗಿ ಹೋಗಿಬಿಡುತ್ತದೆ ಎಂದುಕೊಂಡೆನೇ? ಆಮೇಲೆ ತರಗತಿಯಲ್ಲಿ ಮಕ್ಕಳಿಗೆ ಬರೆಯಲು ಕೊಟ್ಟು, ಗಡಿಯಾರ ನೋಡುತ್ತಾ ಎಷ್ಟೋ ಸಲ ಲೆಕ್ಕ ಹಾಕಿದ್ದೇನೆ. ಅದು ಕಂಡದ್ದಕ್ಕೂ ನೆಗೆದದ್ದಕ್ಕೂ ನಡುವೆ ಐದು ಸೆಕೆಂಡು. ಕೆಲವು ದಿನ ನಾಲ್ಕು ಬರುತ್ತದೆ, ಕೆಲವು ದಿನ ಎಂಟು. ನಾಲ್ಕಾದರೂ ಒಂದು ಹೋ ಎನ್ನುವುದಕ್ಕೆ ಸಾಕಾಗುತ್ತದೆ.

ನೆಗೆತಕ್ಕೆ ಚಿಕ್ಕಪ್ಪ ಮಗುಚಿ ಬಿದ್ದ. ಅವನ ಮುಖ ಮೇಲಾದಾಗ ಬಂಡೆಯ ಮೇಲೆ ನಿಂತು ನೋಡುತ್ತಿದ್ದ ಅಣ್ಣ ಅವನಿಗೆ ಕಂಡ. ಅಪ್ಪ ನನ್ನ ಕೈ ಕೊಡವಿ, ಇಡೀ ಬೆಟ್ಟ ನಡುಗುವ ಹಾಗೆ ಕೂಗುತ್ತಾ ಕೆಳಗೆ ಧುಮುಕಿದ್ದು ಅದಾದ ಮೇಲೆ. ಬೂಟು ಜಾರಿ ಬಿದ್ದ, ಎದ್ದ, ಕೈಗೆ ಸಿಕ್ಕ ಕಲ್ಲೆಸೆದ. ಚಿಕ್ಕಪ್ಪ ಎಡಗೈಗೆ ಸಿಕ್ಕಿದ ಕುಡುಗೋಲನ್ನು ಬೀಸುತ್ತಿದ್ದ. ಚಿರತೆ ಬಿಟ್ಟು ಸಂದಿಗೆ ಹೊರಟುಹೋಯಿತು. ಒಳಗೆ ಮರಿಗಳಿದ್ದಿರಬೇಕು, ಎಂದಿನ ಹಾಗೆ ಕೂಗಿಕೊಂಡು ಬಂದಿದ್ದರೆ ಮೊದಲೇ ಅವನ್ನು ಕಚ್ಚಿಕೊಂಡು ಹೋಗಿರುತ್ತಿತ್ತು ಎಂದು ಅರಣ್ಯದ ಗಾರ್ಡು ಆಮೇಲೆ ಹೇಳಿದ. ನಾನು ಅಷ್ಟು ಹೊತ್ತೂ ನಿಂತಲ್ಲೇ ನಿಂತಿದ್ದೆ. ಓಡಲಿಲ್ಲ, ಕೂಗಲಿಲ್ಲ, ಬೆರಳು ತೋರಿಸಲಿಲ್ಲ.

ಚಿಕ್ಕಪ್ಪನ ಬಲ ಹೆಗಲು ಕಿತ್ತುಹೋಗಿತ್ತು. ಅಪ್ಪನ ಖಾಕಿ ಪಂಚೆಯನ್ನು ಸುತ್ತಿ, ಹೊತ್ತು ಇಳಿಸಿದೆವು. ಸ್ಟೇಷನ್ನಿನಲ್ಲಿ ನಿಂತಿದ್ದ ಗೂಡ್ಸ್ ಗಾಡಿಯ ಗಾರ್ಡು ತನ್ನ ಡಬ್ಬಿಯಲ್ಲಿ ಹತ್ತಿಸಿಕೊಂಡು ದೊಡ್ಡಬಳ್ಳಾಪುರಕ್ಕೆ ಮುಟ್ಟಿಸಿದ. ಅಲ್ಲಿಂದ ಬೆಂಗಳೂರಿನ ಆಸ್ಪತ್ರೆ. ಎರಡು ವಾರ ಜೀವ ಉಳಿಯುತ್ತದೆಯೋ ಇಲ್ಲವೋ ಎಂದಿದ್ದರು, ಆಮೇಲೆ ತೋಳು ಉಳಿಯುತ್ತದೆಯೋ ಇಲ್ಲವೋ ಎಂದರು. ಎರಡೂ ಉಳಿದವು, ತೋಳು ಮೇಲೇಳುತ್ತಿರಲಿಲ್ಲ. ಆಸ್ಪತ್ರೆಯ ಹಜಾರದಲ್ಲಿ ಓಡಾಡುತ್ತಾ ಒಂದು ದಿನ ಜೇಬಿನಲ್ಲಿದ್ದ ಭಾವನ ಕಾಗದ ತೆಗೆದು ಮತ್ತೆ ಓದಿದೆ. ಒಂದನೆಯ ನಿಯಮದಲ್ಲಿ ಬಂದೂಕು ಹಿಡಿದವನೊಬ್ಬ ಮುಂದೆ ನಡೆಯುತ್ತಿದ್ದ. ಉಳಿದ ಆರು ನಿಯಮಗಳೂ ಅವನ ಬೆನ್ನಿಗೆ ಅಂಟಿಕೊಂಡಿದ್ದವು. ನಮ್ಮ ಮುಂದೆ ಯಾರೂ ಇರಲಿಲ್ಲ, ನಾನಿದ್ದೆ.

ಮೇ ತಿಂಗಳಲ್ಲಿ ಚಿಕ್ಕಪ್ಪ ಊರಿಗೆ ಬಂದ. ಮಾರನೆಯ ಬೆಳಿಗ್ಗೆ ಕೆಳಗಿನ ಹೊಲದಿಂದ ಅಪ್ಪ ಹೋ ಎಂದ. ಕೊಟ್ಟಿಗೆಯಿಂದ ಉತ್ತರ ಬರಲಿಲ್ಲ. ಇನ್ನೊಮ್ಮೆ ಕೂಗಿದ. ಚಿಕ್ಕಪ್ಪ ಜಗಲಿಯ ಮೇಲೆ ಕೂತೇ ಇದ್ದ, ನಾನು ನೋಡುತ್ತಿದ್ದೆ. ಅವನು ಎಮ್ಮೆಯ ಕಡೆ ತಿರುಗಿಕೊಂಡ. ಅಪ್ಪ ಎದುರಿಗೆ ಬಂದರೆ ಎದ್ದು ಒಳಗೆ ಹೋಗುತ್ತಿದ್ದ. ಚಿಕ್ಕಮ್ಮ ಒಂದು ದಿನ ನನ್ನ ಬಳಿ ಅತ್ತಳು. ಅಣ್ಣಯ್ಯ ಮೇಲೆ ನಿಂತು ನೋಡ್ತಿದ್ದ, ಕೂಗಲಿಲ್ಲ, ಅದು ಬರುವುದನ್ನು ಕಂಡೂ ಕೂಗಲಿಲ್ಲ ಎಂದು ಅವನು ಆಸ್ಪತ್ರೆಯಲ್ಲಿ ಜ್ವರದಲ್ಲೂ ಹೇಳುತ್ತಿದ್ದನಂತೆ.

ನಾನು ಆ ದಿನ ಅಪ್ಪನನ್ನು ಕೇಳಿದೆ, ಚಿಕ್ಕಪ್ಪನಿಗೆ ನಿಜ ಯಾಕೆ ಹೇಳಲಿಲ್ಲ ಎಂದು. ಅವನು ಬೂಟಿಗೆ ಎಣ್ಣೆ ಸವರುತ್ತಿದ್ದ. ಆ ಭಾನುವಾರದ ಮೇಲೆ ಹಾಕಿಕೊಂಡಿರದ ಬೂಟು.

"ಹೇಳಿದ್ರೆ ನಿನ್ ಮಖ ನೋಡ್ತಾನಾ ಅವ್ನು? ನಾನ್ ಮುದುಕ, ನಂಗೆ ಹೆಂಗೋ ನಡೀತದೆ."

"ಕೈ ಇಟ್ಟಿದ್ದು ನಾನಪ್ಪ."

"ನೀ ಇಟ್ಟೆ. ನಾನ್ ಯಾಕ್ ಸುಮ್ಕಾದೆ? ಅರವತ್ ವರ್ಷ ಈ ಬೆಟ್ಟ ಕಂಡೋನು ನಾನು." ಇನ್ನೊಂದು ಬೂಟು ಎತ್ತಿಕೊಂಡು, "ಅದುನ್ನ ಹೆಂಗ್ ಹೇಳೋದು ಅವ್ನಿಗೆ," ಎಂದ.

ತೋಳನ್ನು ದಿನಾ ಗೋಡೆಯ ಮೇಲೆ ಹತ್ತಿಸಬೇಕು ಎಂದು ಡಾಕ್ಟರು ಹೇಳಿದ್ದರು. ಗೋಡೆಗೆ ಬೆರಳಿಟ್ಟು ಇರುವೆ ಹತ್ತುವ ಹಾಗೆ ಮೇಲೆ ಮೇಲೆ ಒಯ್ಯುವುದು. ಶಾಲೆಗೆ ಹೋಗುವ ಮುನ್ನ ಚಿಕ್ಕಪ್ಪನಿಗೆ ಅದನ್ನು ಮಾಡಿಸುವ ಕೆಲಸ ನಾನೇ ವಹಿಸಿಕೊಂಡಿದ್ದೆ. ಬೆರಳು ಮುಟ್ಟಿದ ಕಡೆ ಇದ್ದಿಲಿನಿಂದ ಗೆರೆ ಎಳೆಯುತ್ತಿದ್ದೆ. ಗೆರೆಗಳು ಅವನ ಎದೆಯ ಮಟ್ಟದಲ್ಲೇ ಒಂದರ ಮೇಲೊಂದು ಒತ್ತಾಗಿ ನಿಂತಿದ್ದವು. ಅವನು ನನ್ನ ಜೊತೆ ಮೊದಲಿಗಿಂತ ಹೆಚ್ಚೇ ಮಾತಾಡುತ್ತಿದ್ದ. ಅದೇ ನನಗೆ ತಡೆಯಲಾಗುತ್ತಿರಲಿಲ್ಲ.

ಜೂನ್ ಕೊನೆಯಲ್ಲಿ ಹಡಗಿನ ಏಜೆಂಟರಿಂದ ಕಾಗದ ಬಂತು. ಬರುವುದು ಖಾತ್ರಿಯೋ ಇಲ್ಲವೋ ವಾರದೊಳಗೆ ತಿಳಿಸಬೇಕು. ಅಪ್ಪ ಅದನ್ನು ಓದಿಸಿ ಕೇಳಿ, ತಮ್ಮ ತನ್ನ ಜೊತೆ ಮಾತಾಡದೆ ತಾನು ಊರು ಬಿಡುವುದಿಲ್ಲ, ನೀನು ಬೇಕಾದರೆ ಹೋಗು ಎಂದ. ಅಕ್ಕನಿಗೆ ಏನು ಬರೆಯಲಿ ಎಂದರೆ ಎದ್ದು ಹೊಲಕ್ಕೆ ಹೋದ. ಅಪ್ಪ ತಾನಾಗಿ ಹೇಳುವವನಲ್ಲ, ಚಿಕ್ಕಪ್ಪ ತಾನಾಗಿ ಕೇಳುವವನಲ್ಲ. ಇಬ್ಬರ ನಡುವೆ ಒಂದು ಗೋಡೆ, ಆ ಗೋಡೆಗೆ ಈಚೆಯಿಂದ ನಕಾಶೆ, ಆಚೆಯಿಂದ ಇದ್ದಿಲು ಗೆರೆ. ನಾನು ಆ ವಾರ ಎರಡೂ ಮನೆಗೆ ಎಷ್ಟು ಸಲ ಹೋಗಿ ಬಂದೆನೋ. ಬಾಗಿಲಲ್ಲಿ ನಿಂತು, ಏನೂ ಇಲ್ಲ ಎಂದು ವಾಪಸಾಗುತ್ತಿದ್ದೆ.

ಐದನೆಯ ದಿನ, ಅವನ ಬೆರಳು ಗೋಡೆಯ ಮೇಲೆ ಇದ್ದಾಗಲೇ ಹೇಳಿದೆ. ಅಪ್ಪ ಕೂಗಲು ಬಾಯಿ ತೆರೆದಿದ್ದ, ನಾನು ಕೈ ಇಟ್ಟೆ, ನಿಲ್ಲಿಸಿದವನು ನಾನು ಎಂದೆ. ಬೆರಳು ನಿಂತಿತು. ಅವನು ಗೋಡೆಯನ್ನೇ ನೋಡುತ್ತಿದ್ದ.

"ಯಾವ್ ಕೈ?"

"ಬಲಗೈ."

"ಇಡು. ಹೆಂಗಿಟ್ಟೆ ತೋರ್ಸು."

ನಾನು ಅವನ ಎಡತೋಳಿನ ಮೇಲೆ ಕೈ ಇಟ್ಟೆ.

"ಇಷ್ಟೇನಾ? ಬಿಗಿಯಾಗಿ ಹಿಡೀಲಿಲ್ವಾ?"

"ಇಲ್ಲ. ಇಷ್ಟೇ."

ಅವನು ನನ್ನ ಕೈಯನ್ನು ನೋಡಿದ. ಅದರ ತೂಕ ಎಷ್ಟೆಂದು ಅಂದಾಜು ಮಾಡುವವನ ಹಾಗೆ ತೋಳನ್ನು ಸ್ವಲ್ಪ ಮೇಲೆತ್ತಿ ಇಳಿಸಿದ.

"ಇಷ್ಟಕ್ಕೇ ಸುಮ್ಕಾದ್ನಾ ಅಣ್ಣಯ್ಯ," ಎಂದ. ಆಮೇಲೆ, "ಓದ್ದೋನು ಹೇಳವ್ನೆ ಅಂತ."

ಬೈಯಲಿಲ್ಲ. ಶಾಲೆಗೆ ಹೊತ್ತಾಯಿತು, ಹೊರಡು ಎಂದ. ಮೇಷ್ಟ್ರೇ ಎನ್ನಲಿಲ್ಲ. ಮಾರನೆಯ ಬೆಳಿಗ್ಗೆ ಹೋದರೆ ಚಿಕ್ಕಮ್ಮ ಬಾಗಿಲಲ್ಲೇ, ಇವತ್ತಿಂದ ಅವರೇ ಮಾಡ್ಕಂತಾರಂತೆ ಎಂದಳು. ನಾನು ಸೈಕಲ್ಲು ತಳ್ಳಿಕೊಂಡು ಊರಾಚೆಯ ಹುಣಸೆಮರದವರೆಗೆ ಹೋಗಿರಬೇಕು, ಕೆಳಗಿನ ಹೊಲದಿಂದ ಅಪ್ಪನ ಹೋ ಕೇಳಿಸಿತು. ಉತ್ತರ ಬರದಿದ್ದರೂ ಅವನು ಒಂದು ದಿನವೂ ಅದನ್ನು ಬಿಟ್ಟಿರಲಿಲ್ಲ. ನಿಂತೆ. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಕೊಟ್ಟಿಗೆಯ ಕಡೆಯಿಂದ ಬಂತು, ಒಡಕು ದನಿಯಲ್ಲಿ, ಚಿಕ್ಕದಾಗಿ. ಸಂತೋಷಪಡಬೇಕಾದ ನಾನು ಬೆಚ್ಚಿಬಿದ್ದು ಹಿಂದೆ ತಿರುಗಿ ನೋಡಿದೆ. ಹಿಂದೆ ರಸ್ತೆ ಬಿಟ್ಟರೆ ಏನೂ ಇರಲಿಲ್ಲ.

ಆ ಸಂಜೆ ಅಣ್ಣತಮ್ಮಂದಿರು ಜಗಲಿಯ ಮೇಲೆ ಕೂತಿದ್ದರು. ಏನು ಮಾತಾಡಿಕೊಂಡರೋ ಗೊತ್ತಿಲ್ಲ. ನಾನು ಹತ್ತಿರ ಹೋದಾಗ ಜಿರಾಫೆಯ ಫೋಟೋ ಚಿಕ್ಕಪ್ಪನ ತೊಡೆಯ ಮೇಲಿತ್ತು. ಅವನು ತಲೆ ಎತ್ತದೆ ಹೇಳಿದ.

"ಕರ್ಕಂಡ್ ಹೋಗು ಅಣ್ಣಯ್ಯನ್ನ. ಅವ್ನು ಕೂಗಿದ್ರೆ ಹಿಡೀಬೇಡ."

ಏಜೆಂಟರಿಗೆ ತಂತಿ ಕೊಟ್ಟೆ. ಹೋದೆವು. ಆ ಪ್ರವಾಸದ ಬಗ್ಗೆ ಕೇಳಿದವರಿಗೆಲ್ಲ ನಾನು ಹಡಗು, ನದಿ, ಅಕ್ಕನ ಮನೆಯಲ್ಲಿ ಬೆಂದ ರಾಗಿಮುದ್ದೆ ಎಂದು ಏನೇನೋ ಹೇಳಿದ್ದೇನೆ. ನಿಜವಾಗಿ ನೆನಪಿರುವುದು ಒಂದು ಬೆಳಿಗ್ಗೆ. ಒಣಹುಲ್ಲಿನ ನಡುವೆ ಸಾಲಾಗಿ ನಡೆಯುತ್ತಿದ್ದೆವು. ಮುಂದೆ ಬಂದೂಕಿನವನು, ಅವನ ಹಿಂದೆ ಭಾವ, ನಾನು ಮತ್ತು ಅಪ್ಪ. ಬಂದೂಕಿನವನು ಕೈ ಎತ್ತಿದ. ಎಲ್ಲರೂ ನಿಂತೆವು. ಎಡಗಡೆಯ ಪೊದೆಯಲ್ಲಿ ದೊಡ್ಡದೇನೋ ಉಸಿರಾಡುತ್ತಿತ್ತು. ಅಪ್ಪ ನನ್ನ ಪಕ್ಕಕ್ಕೆ ಬಂದು ನಿಂತ, ಅವನ ಎದೆ ಉಬ್ಬುವುದು ನನಗೆ ತಿಳಿಯಿತು. ನಾನು ಎರಡೂ ಕೈಗಳನ್ನು ಪ್ಯಾಂಟಿನ ಜೇಬಿನೊಳಗೆ ತುರುಕಿ ಮುಷ್ಟಿ ಹಿಡಿದೆ.

ಪೊದೆ ಅಲುಗಿತು. ಅಪ್ಪ ಆ ಕಡೆ ನೋಡಲಿಲ್ಲ. ನನ್ನ ಜೇಬುಗಳನ್ನು ನೋಡುತ್ತಿದ್ದ.